ಬದುಕಿ ಉಳಿದ ಮೀನು

ದೀಪಾವಳಿ ಮುಗಿದ ವಾರ ಅಕ್ಕಲಕೋಟೆಯ ಸಂತೆಯಲ್ಲಿ ಮೀನು ಮಾರುವವಳೊಬ್ಬಳು ಪಂಗಾಸ್ ಮೀನೊಂದನ್ನು ಸೀಳಿದವಳು ಕತ್ತಿ ಕೆಳಗಿಟ್ಟುಬಿಟ್ಟಳಂತೆ. ಮಾಂಸದ ತುಂಬ ಬಿಳಿ ಕಾಳು, ಜೋಳದ ನುಚ್ಚು ಕಲಸಿದ ಹಾಗೆ. ಎದುರಿಗಿದ್ದ ಗಿರಾಕಿ ಹುಳ ಹುಳ ಎನ್ನುತ್ತ ಹೋದ, ಹಿಂದೆ ನಿಂತವರೂ ಹೋದರು. ಆ ಮೀನು ಬಂದದ್ದು ಬೋರಾಮಣಿಯಾಚೆಯ ಒಂದು ಶೇತತಳಿಯಿಂದ, ಅಂದರೆ ಹೊಲದಲ್ಲಿ ಗುಂಡಿ ತೋಡಿ, ದಪ್ಪ ಪ್ಲಾಸ್ಟಿಕ್ ಹಾಸಿ, ಬಾವಿಯ ನೀರು ತುಂಬಿಸಿಟ್ಟ ಹೊಂಡದಿಂದ. ಆ ಹೊಂಡಕ್ಕೆ ಮೀನಿನ ಆಹಾರ ಹೋಗುತ್ತಿದ್ದದ್ದು ನಾನು ಕೆಲಸ ಮಾಡುವ ಕಂಪನಿಯಿಂದ. ಹೀಗಾಗಿ ಫೋನು ನನಗೆ ಬಂತು.

ನಾನು ಕೂರುವುದು ಸೊಲ್ಲಾಪುರದ ಹೊರಗಿನ ಕೈಗಾರಿಕಾ ವಸಾಹತು, ಚಿಂಚೋಳಿ ಎಂಐಡಿಸಿಯ ಒಂದು ಗೋದಾಮಿನಲ್ಲಿ. ಮುಂದೆ ಆಹಾರದ ಚೀಲಗಳು, ಹಿಂದೆ ನನ್ನ ಟೇಬಲ್ಲು, ಒಂದು ಸೂಕ್ಷ್ಮದರ್ಶಕ, ಒಂದು ಹಳೆಯ ಫ್ರಿಜ್ಜು. ರೈತರ ಹೊಂಡಗಳಿಗೆ ಹೋಗಿ ನೋಡಿ, ಮೀನಿಗೇನಾಗಿದೆ ಹೇಳುವುದು ನನ್ನ ಕೆಲಸ. ನಮ್ಮದು ಸೊಲ್ಲಾಪುರದ ಬೇಳೆ ವ್ಯಾಪಾರದ ಮನೆತನ, ಮೊಟ್ಟೆಯೂ ಹೊಸ್ತಿಲು ದಾಟುವುದಿಲ್ಲ. ಮೀನು ಸೀಳಿ ಬಂದ ದಿನ ಅವ್ವ ನನ್ನನ್ನು ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ ಅಟ್ಟುತ್ತಾಳೆ. ಓದಿಸಿದ್ದೂ ಅವಳೇ ಆದ್ದರಿಂದ ಬೈಯುವ ಹಕ್ಕನ್ನೂ ಅವಳೇ ಇಟ್ಟುಕೊಂಡಿದ್ದಾಳೆ.

ಹೊಂಡದ ಯಜಮಾನರು ಕುರಿಗಾರರ ದೇವರು ಬೀರೋಬಾನ ಪೂಜಾರಿ. ಎಪ್ಪತ್ತು ದಾಟಿದವರು, ಸುತ್ತಿನವರಿಗೆಲ್ಲ ಮುತ್ಯಾ. ಹಿಂಡು ಹೊಡೆದುಕೊಂಡು ಅಲೆಯಲು ಮೊಣಕಾಲು ಒಲ್ಲೆ ಎಂದ ಮೇಲೆ ಕುರಿ ಮಾರಿ, ಹೊಲದ ಹೊಂಡಕ್ಕೆ ಮೀನು ಬಿಟ್ಟಿದ್ದರು. ಆದರೆ ಅವರ ಹೆಸರಿದ್ದದ್ದು ಮೀನಿನಿಂದಲ್ಲ. ಕುರಿಗೆ ಏನೇ ಬಂದರೂ ಏಳು ಹಳ್ಳಿಯವರು ಅವರ ಅಂಗಳಕ್ಕೆ ತರುತ್ತಿದ್ದರು. ಕಾಸು ಮುಟ್ಟುತ್ತಿರಲಿಲ್ಲ, ದೇವರ ಅರಿಸಿನಪುಡಿ, ಭಂಡಾರ ಹಚ್ಚಿ ಔಷಧ ಕೊಡುತ್ತಿದ್ದರು. ಮುತ್ಯಾನ ಕೈಗುಣ ದೊಡ್ಡದು ಎಂದು ಆ ಕಡೆ ಚಿಕ್ಕ ಮಕ್ಕಳೂ ಹೇಳುತ್ತವೆ.

ಮೊದಲ ದಿನ ಅವರು ಮೀನನ್ನು ಅಂಗೈ ಮೇಲೆ ಇಟ್ಟುಕೊಂಡು ನನ್ನ ಮುಂದೆ ಹಿಡಿದರು.

“ಕುರಿ ಆಗಿದ್ರ ಮಾರಿ ನೋಡಿ ಹೇಳ್ತಿದ್ದೆ, ತಂಗಿ. ಇದಕ್ಕ ನಗು ಇಲ್ಲ, ಅಳು ಇಲ್ಲ. ಏನಂತ ನೋಡ್ಲಿ?”

ಮೀನು ಸೊರಗಿತ್ತು. ತಲೆ ದೊಡ್ಡದು, ಬೆನ್ನು ಗರಗಸದ ಹಾಗೆ. ಬಾಲದ ಕಡೆಯ ಮಾಂಸದಿಂದ ನಾಲ್ಕು ಬಿಳಿ ಕಾಳು ಕಿತ್ತು ಗಾಜಿನ ಪಟ್ಟಿಗಳ ನಡುವೆ ಅರೆದು, ಗೋದಾಮಿಗೆ ತಂದು ನಲವತ್ತರ ಲೆನ್ಸಿನಲ್ಲಿ ನೋಡಿದೆ. ಹುಳ ಕಾಣಲಿಲ್ಲ. ಮರಳಿನಂಥ ಸಣ್ಣ ಚುಕ್ಕೆಗಳು ಮಾತ್ರ. ಇನ್ನೂ ದೊಡ್ಡದಾಗಿ ನೋಡಬೇಕಾದರೆ ನೂರರ ಲೆನ್ಸು ಬೇಕು, ಆ ಲೆನ್ಸಿಗೆ ಒಂದು ಹನಿ ಎಣ್ಣೆ ಬೇಕು. ಎಣ್ಣೆಯ ಶೀಶೆ ಖಾಲಿಯಾಗಿ ಎರಡು ತಿಂಗಳಾಗಿತ್ತು. ತರಿಸಬೇಕು ಎಂದು ಡೈರಿಯಲ್ಲಿ ಬರೆದು, ಮುಂದಿನ ವಾರದ ಪುಟಕ್ಕೆ ದೂಡುತ್ತ ಬಂದಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಜಂತುಹುಳದ ಗೂಡು, ಒಳಗಿನ ಹುಳ ಸತ್ತು ಕರಗಿದೆ ಎಂದು ನಾನೇ ತೀರ್ಮಾನಿಸಿ ಜಂತಿನ ಔಷಧ ಬರೆದುಕೊಟ್ಟೆ.

ಮುತ್ಯಾನ ಸೊಸೆ ಅದನ್ನು ಆಹಾರಕ್ಕೆ ಕಲಸಿ, ನೆರಳಲ್ಲಿ ಆರಿಸಿ, ಹೇಳಿದಷ್ಟು ದಿನ ಹೇಳಿದ ಹೊತ್ತಿಗೆ ಹಾಕಿದಳು. ಅವಳಷ್ಟು ಕಟ್ಟುನಿಟ್ಟಾಗಿ ಕೆಲಸ ಮಾಡುವ ರೈತರನ್ನು ನಾನು ಕಂಡದ್ದು ಕಡಿಮೆ. ಆದರೂ ಆ ಚಳಿಗಾಲ ಪೂರ್ತಿ ಮೀನು ಸತ್ತವು. ಪಂಗಾಸಿಗೆ ಚಳಿ ಆಗುವುದಿಲ್ಲ, ಸೊರಗಿದ ಮೀನಿಗಂತೂ ಕೇಳುವುದೇ ಬೇಡ. ಬೆಳಗಾದರೆ ಅವಳು ಬುಟ್ಟಿ ಹಿಡಿದು ಹೊಂಡದ ಸುತ್ತ ತೇಲಿದವನ್ನು ಆರಿಸುತ್ತಿದ್ದಳು. ಅವಳ ಕಣ್ಣಿಗೆ ಬೀಳದೆ ಮುಳುಗಿದವನ್ನು ಉಳಿದ ಮೀನು ತಿನ್ನುತ್ತಿದ್ದವು. ಅದು ಎಂಥ ಅನಾಹುತ ಎಂದು ಆಗ ನನಗೆ ಹೊಳೆಯಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಬಿಸಿಲೇರಿತು, ಸಾವು ನಿಂತಿತು. ನಾನು ಹೋಗಿ ಬಲೆ ಎಳೆಸಿ ನೋಡಿದೆ. ಇದ್ದ ಮೀನು ಚುರುಕಾಗಿದ್ದವು, ಆಹಾರಕ್ಕೆ ಮೇಲೆ ಬರುತ್ತಿದ್ದವು. ಒಂದನ್ನೂ ಸೀಳಲಿಲ್ಲ. ಔಷಧ ಹತ್ತಿತು ಎಂಬ ಸಮಾಧಾನ, ಸ್ವಲ್ಪ ಹೆಮ್ಮೆ ಕೂಡ.

“ಉಳದಾವು ಗಟ್ಟಿ ಅದಾವ್ರಿ ಮುತ್ಯಾ. ಬ್ಯಾನಿ ದಾಟ್ಯಾವ” ಎಂದೆ.

“ದಾಟ್ಯಾವ?”

“ದಾಟ್ಯಾವ್ರಿ.”

ಅವರು ಎರಡು ಸಲ ಕೇಳಿದರು, ನಾನು ಎರಡು ಸಲವೂ ಹಾಗೇ ಹೇಳಿದೆ. ಯುಗಾದಿ ಆದ ಮೇಲೆ ಹೊಸ ಮರಿಗಳ ಗಾಡಿ ಬಂತು. ಆ ಭಾಗದ ಅನೇಕ ಹೊಂಡಗಳಿಗೆ ಅದೇ ಗಾಡಿಯಿಂದ ಮರಿ ಇಳಿದವು.

ಕಾರಹುಣ್ಣಿಮೆಯ ಸುಮಾರಿಗೆ ಫೋನುಗಳು ಶುರುವಾದವು. ಮುತ್ಯಾನ ಸೊಸೆ ಮೊದಲು, ಆಮೇಲೆ ಬೇರೆ ಬೇರೆ ಊರಿನ ಮೂವರು. ಎಲ್ಲರದೂ ಒಂದೇ ಮಾತು, ಮರಿ ತಿನ್ನುತ್ತವೆ, ಬೆಳೆಯುವುದಿಲ್ಲ. ನಾಲ್ಕೂ ಕಡೆ ಹೋಗಿ ಸೀಳಿದೆ. ಬೆರಳುದ್ದದ ಮರಿಗಳ ಮೈಯಲ್ಲೂ ಅದೇ ನುಚ್ಚು. ಅಂದು ಸಂಜೆಯೇ ಎಣ್ಣೆಯ ಶೀಶೆ ತರಿಸಿದೆ. ಒಂದು ಹನಿ ಹಾಕಿ ನೂರರ ಲೆನ್ಸು ಇಳಿಸಿದರೆ, ಮರಳು ಎಂದುಕೊಂಡದ್ದು ಮರಳಾಗಿರಲಿಲ್ಲ. ಒಂದೇ ಅಳತೆಯ, ಮೊಟ್ಟೆಯಾಕಾರದ ಸಾವಿರಾರು ಕಣಗಳು, ಪ್ರತಿಯೊಂದರ ಒಂದು ತುದಿಯಲ್ಲಿ ತಿಳಿಯಾದ ಗುಳ್ಳೆ. ಕಾಲೇಜಿನ ಪುಸ್ತಕದಲ್ಲಿ ನೋಡಿದ್ದ ಚಿತ್ರ ಅದು.

ಅದರ ಹೆಸರು ಮೈಕ್ರೊಸ್ಪೊರಿಡಿಯಾ. ಹುಳವಲ್ಲ, ಬ್ಯಾಕ್ಟೀರಿಯಾ ಅಲ್ಲ, ಬೂಷ್ಟಿನ ದೂರದ ನೆಂಟ. ಮೀನಿನ ಜೀವಕೋಶದ ಒಳಗೇ ಮನೆ ಮಾಡಿ, ಅಲ್ಲಿಯ ಅನ್ನ ಉಂಡು, ಗಟ್ಟಿ ಸಿಪ್ಪೆಯ ಬೀಜಕಣಗಳನ್ನು ತುಂಬಿಸುತ್ತದೆ. ಬಿಳಿ ಕಾಳು ಅಂದರೆ ಆ ಬೀಜಕಣಗಳ ಮೂಟೆ. ಮೀನು ಸತ್ತರೆ ಅವು ನೀರಿಗೆ ಬರುತ್ತವೆ, ಇಲ್ಲವೆ ಸತ್ತದ್ದನ್ನು ತಿಂದ ಮೀನಿನ ಹೊಟ್ಟೆಗೆ ಹೋಗುತ್ತವೆ. ನೀರಲ್ಲಿ ತಿಂಗಳುಗಟ್ಟಲೆ ಸಾಯುವುದಿಲ್ಲ. ಹೊಂಡದ ಮೀನಿಗೆ ಕೊಟ್ಟು ವಾಸಿ ಮಾಡುವಂಥ ಔಷಧ ಇಲ್ಲ. ಮಾಂಸದ ಚೂರುಗಳನ್ನು ಸ್ಪಿರಿಟ್ಟಿನಲ್ಲಿಟ್ಟು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆ. ಹತ್ತು ದಿನಕ್ಕೆ ಉತ್ತರ ಬಂತು, ನಾನು ಕಂಡದ್ದೇ ಸರಿ ಎಂದು. ಸರಿ ಎನಿಸಿಕೊಂಡು ಅಷ್ಟು ಸಂಕಟಪಟ್ಟದ್ದು ಅದೊಂದೇ ಸಲ.

ಮ್ಯಾನೇಜರ್ ಕಾಗದ ಓದಿ ಮಡಚಿ ಡ್ರಾಯರಿಗೆ ಹಾಕಿದರು.

“ಮ್ಯಾಡಮ್, ರೋಗಾಚಂ ನಾವ್ ಘೇವು ನಕಾ, ರೋಗದ ಹೆಸರ ಎತ್ತಬ್ಯಾಡ್ರಿ. ಹೆಸರು ತಗದ್ರ ಮಂದಿ ನಮ್ಮ ಖಾದ್ಯಕ್ಕ ಬಟ್ಟು ತೋರಸ್ತಾರ. ನೀರು ಖರಾಬ ಐತಿ, ಬದಲ ಮಾಡ್ರಿ ಅಂತ ಹೇಳ್ರಿ. ಸಂಪಲಂ, ಮುಗೀತು.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಹೂಂ ಎಂದು ಎದ್ದು ಬಂದೆ. ನಿಜ ಹೇಳಬೇಕೆಂದರೆ ಆ ಸಲಹೆ ನನಗೂ ಹಿತವಾಗಿಯೇ ಇತ್ತು. ರೋಗದ ಹೆಸರು ಹೊರಬಿದ್ದರೆ, ಚಳಿಗಾಲದಲ್ಲಿ ಏಕೆ ಗೊತ್ತಾಗಲಿಲ್ಲ ಎಂಬ ಪ್ರಶ್ನೆ ನನ್ನ ಬಾಗಿಲಿಗೇ ಬರುತ್ತಿತ್ತು.

ಆದರೆ ನಾಲ್ಕೇ ಹೊಂಡಕ್ಕೆ ಏಕೆ ಬಂತು ಎಂಬುದು ತಲೆಯಿಂದ ಹೋಗಲಿಲ್ಲ. ಅದೇ ಗಾಡಿಯ ಮರಿ ಬಿಟ್ಟ, ನಾನು ನೋಡಿದ ಉಳಿದ ಹೊಂಡಗಳಲ್ಲಿ ಮೀನು ಚೆನ್ನಾಗಿದ್ದವು. ನಾಲ್ಕರ ಬಾವಿ ಬೇರೆ, ಬಲೆ ಬೇರೆ. ಬೆಳ್ಳಕ್ಕಿ ಎಲ್ಲ ಹೊಂಡಕ್ಕೂ ಇಳಿಯುತ್ತವೆ. ಕಾಗದದ ಮೇಲೆ ಗೆರೆ ಎಳೆದು ಎಷ್ಟು ಕೂಡಿಸಿದರೂ ಒಂದಕ್ಕೊಂದು ಕೂಡಲಿಲ್ಲ. ಕೊನೆಗೆ ಮುತ್ಯಾನ ಸೊಸೆಯನ್ನು ಕೇಳಿದೆ. ಅವಳು ಬಲೆಯ ಹರಕು ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸಲಿಲ್ಲ.

“ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ ಅಕ್ಕಾರ, ಇವತ್ತಿಲ್ಲ ನಾಳೆ ಗೊತ್ತಾಗೂದ. ಉಳದ ಹಳೇ ಮೀನ ಮಾವನೋರು ಹೊಸಾ ಮರಿ ಜೋಡಿ ಬಿಟ್ಟಾರ. ಕೇಳಿದವರಿಗೂ ಕೊಡಕ್ಕ ಹಾಕಿ ಕೊಟ್ಟಾರ. ಒಬ್ಬಂವ ದುಧನಿ ಕಡಿಯಾಂವ ಬಂದಿದ್ದ. ಮರಿ ದೊಡ್ಡಾವ ಮಾಡಿ ಕೆರಿಗೆ ಬಿಡಾಕ ಮೀನಗಾರರ ಸೊಸೈಟಿಗೆ ಕೊಡ್ತೀನಿ ಅಂತಿದ್ದ. ಹೆಸರ ನನಗ ಗೊತ್ತಿಲ್ರಿ.”

ಕೆರೆ ಎಂಬ ಶಬ್ದ ಕೇಳಿ ನನಗೆ ಕೂರಲಾಗಲಿಲ್ಲ. ಹೊಂಡವನ್ನು ಬತ್ತಿಸಬಹುದು, ತೊಳೆಯಬಹುದು. ಕೆರೆಯನ್ನು ಯಾರು ತೊಳೆಯುತ್ತಾರೆ? ಮುತ್ಯಾ ಜೋಳದ ಕಣಿಕೆಯ ಬಣವೆಯ ನೆರಳಲ್ಲಿದ್ದರು. ಹೋದವಳೇ ಗದರಿಸಿದೆ, ರೋಗದ ಮೀನು ಊರೂರಿಗೆ ಹಂಚುವುದೇ ಎಂದು. ಅವರಿಗೆ ಸಿಟ್ಟು ಬರಲಿಲ್ಲ. ಚಿಕ್ಕವರಿಗೆ ಲೆಕ್ಕ ಹೇಳಿಕೊಡುವವರ ಹಾಗೆ ನಿಧಾನವಾಗಿ ಹೇಳಿದರು.

“ಕುರಿಗೆ ಮೈಲಿಬ್ಯಾನಿ ಬಂದಾಗ ನಾವು ಏನ್ ಮಾಡ್ತಿದ್ದಿವಿ ಗೊತ್ತೇನು? ಬ್ಯಾನಿ ಬಂದು ಬದುಕಿದ ಕುರಿ ಮೈಯಾಗಿನ ಹಕ್ಕಳಿ ತಗದು, ಮಜ್ಜಿಗ್ಯಾಗ ತಿಕ್ಕಿ, ಚಲೋ ಕುರಿ ಕಿವಿಗೆ ಗೀರಿ ಹಚ್ಚತಿದ್ದಿವಿ. ನಾಕ ದಿನ ಮಂಕ ಆಗ್ತಾವ. ಆಮ್ಯಾಲೆ ಜನ್ಮಕ್ಕ ಆ ಬ್ಯಾನಿ ಇಲ್ಲ. ನಮ್ಮಪ್ಪ ಹಿಂಗ ಹಿಂಡಾನಹಿಂಡ ಉಳಿಸ್ಯಾನ, ನಾನೂ ಉಳಿಸೀನಿ. ಉಳದಾವು ದಾಟ್ಯಾವ ಅಂತ ನೀನ ಅಂದಿ. ದಾಟಿದಾವು ಜೋಡಿಗಿದ್ರ ಹೊಸಾವೂ ಗಟ್ಟಿ ಆಗ್ತಾವ ಅಂತ ಬಿಟ್ಟೆ. ಇದರಾಗ ತಪ್ಪ ಏನೈತಿ?”

ಅವರ ತರ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಲಸಿಕೆ ಹುಟ್ಟಿದ್ದೇ ಅಂಥ ಯೋಚನೆಯಿಂದ. ಕುರಿಯ ಸಿಡುಬಿಗೆ ಅದು ನಿಜ. ಈ ರೋಗದಲ್ಲಿ ಮಾತ್ರ ಬದುಕಿ ಉಳಿದದ್ದು ರೋಗ ಗೆದ್ದದ್ದಲ್ಲ, ಹೊತ್ತುಕೊಂಡು ತಿರುಗುವಂಥದ್ದು. ಅದನ್ನು ಹೇಳಬೇಕಾಗಿದ್ದವಳು ನಾನು. ಹೇಳಿದ್ದು ಅದರ ವಿರುದ್ಧ. ಆದರೂ ಆ ಗಳಿಗೆಯಲ್ಲಿ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ನಾನು ಹೇಳಿದ್ದು ನಿಮ್ಮ ಹೊಂಡದ ಮಟ್ಟಿಗೆ ಅಷ್ಟೇ ಎಂದು ಜಾರಿಕೊಂಡೆ.

“ಯಾರ್ಯಾರಿಗೆ ಕೊಟ್ಟೀರಿ, ಅದನ್ನರ ಹೇಳ್ರಿ.”

“ಅದು ಹೇಳಾಂಗಿಲ್ಲ. ಭಂಡಾರ ಹಚ್ಚಿ ಕೊಟ್ಟ ಔಷಧ ಬಾಯಿಂದ ಹೊರಗ ಬಿದ್ರ ಕೈಯಾಗಿನ ಗುಣ ಹೋಗತೈತಿ. ನಮ್ಮಪ್ಪಂದೂ ಹೇಳಿಲ್ಲ, ನಂದೂ ಹೇಳಾಂಗಿಲ್ಲ. ಅಷ್ಟು ವರ್ಷ ಕುರಿ ಕಾಯ್ದು ನಾ ಗಳಿಸಿದ್ದು ಇದೊಂದ, ತಂಗಿ.”

ಅದು ಹಟವಾಗಿರಲಿಲ್ಲ, ಭಯವಾಗಿತ್ತು. ಹಿಂಡು ಹೋಗಿತ್ತು, ಕಾಲು ಹೋಗಿತ್ತು. ಜನ ಅಂಗಳಕ್ಕೆ ಬರುತ್ತಿದ್ದದ್ದು ಆ ಕೈಗಾಗಿ.

ಹೆಸರು ಸಿಗದಿದ್ದರೆ ನಾನೇ ಹುಡುಕುತ್ತೇನೆಂದು ಹೊರಟೆ. ಎರಡು ದಿನ ದುಧನಿ ರಸ್ತೆಯ ಎಡಬಲ ತಿರುಗಿದೆ. ಬೈಕು ನಿಲ್ಲಿಸುವುದು, ಏರಿ ಹತ್ತಿ ನೋಡುವುದು, ಯಾರದೆಂದು ಕೇಳುವುದು. ತೊಗರಿ ಬಿತ್ತುವ ಗಡಿಬಿಡಿಯಲ್ಲಿದ್ದ ಜನಕ್ಕೆ ಉತ್ತರಿಸಲು ಪುರುಸೊತ್ತಿರಲಿಲ್ಲ. ಅನೇಕರು ನನ್ನನ್ನು ಸರ್ವೆಯವಳೆಂದು ತಿಳಿದು ಮೀನೇ ಇಲ್ಲ ಎಂದರು. ಕೆಲವರು ಮರಾಠಿಯಲ್ಲಿ ನಯವಾಗಿ ಮುಂದೆ ಕಳಿಸಿದರು. ಮುತ್ಯಾನ ಹೆಸರೆತ್ತಿದರೆ ಕೈ ಮುಗಿಯುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಪಡೆದವರೂ ಹೇಳಬಾರದು ಎಂಬುದು ಆ ಔಷಧದ ಇನ್ನೊಂದು ಕಟ್ಟಳೆ ಎಂದು ಆಮೇಲೆ ತಿಳಿಯಿತು.

ಎರಡನೆಯ ಸಂಜೆ ಒಂದು ಖಾಲಿ ಹೊಂಡದ ಏರಿಯ ಮೇಲೆ ಕೂತಾಗ, ನಾನು ಹುಡುಕುತ್ತಿರುವುದು ಹೊಂಡವನ್ನಲ್ಲ, ಮುತ್ಯಾನ ಮುಂದೆ ತಪ್ಪು ಒಪ್ಪಿಕೊಳ್ಳದೆ ಪಾರಾಗುವ ದಾರಿಯನ್ನು ಎಂಬುದು ಸ್ಪಷ್ಟವಾಯಿತು. ನಾಚಿಕೆ ಆಯಿತು. ಒಬ್ಬ ಮುದುಕನಿಗೆ ಇದ್ದೊಂದು ಹೆಸರನ್ನು ಬಿಟ್ಟುಕೊಡಿ ಎಂದು ಕೇಳಿ, ನನ್ನ ಹೆಸರನ್ನು ಮಾತ್ರ ಸೆರಗಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದೆ.

ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕವನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ, ಆಹಾರ ಸಾಗಿಸುವ ಗಾಡಿಯಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋದೆ. ಮ್ಯಾನೇಜರನ್ನು ಕೇಳಲಿಲ್ಲ. ಮುತ್ಯಾನ ಹೊಂಡದಲ್ಲಿದ್ದ ಹಳೆಯ ಮೀನೊಂದನ್ನು ಬಲೆಯಲ್ಲಿ ಹಿಡಿಸಿದೆ. ನೋಡಲು ಚೆಂದದ, ತುಂಬಿದ ಮೀನು. ಅವರೆದುರಿಗೇ ಸೀಳಿ, ಬೆನ್ನುಮೂಳೆಯ ಪಕ್ಕ ಅಡಗಿದ್ದ ಎರಡೇ ಕಾಳು ತೆಗೆದು, ಅರೆದು, ಎಣ್ಣೆ ಹಾಕಿ, ಡ್ರಮ್ಮಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆ. ಮುತ್ಯಾ ಬಗ್ಗಿ ಬಹಳ ಹೊತ್ತು ನೋಡಿದರು.

“ಇದು ದಾಟಿದ ಮೀನಿಂದ?”

“ಹೌದ್ರಿ. ದಾಟಿಲ್ಲ. ಹೊರಗ ಚಲೋ ಕಾಣತೈತಿ, ಒಳಗ ಹೊತಗೊಂಡ ಕುಂತೈತಿ. ಕುರಿ ಬ್ಯಾನಿ ಹಂಗಲ್ಲ ಇದು. ಇದನ್ನ ನಾನು ದೀಪಾವಳಿ ಹೊತ್ತಿಗೇ ನೋಡಬೇಕಾಗಿತ್ತು. ಶೀಶಾದಾಗ ಎಣ್ಣಿ ಇರಲಿಲ್ಲ, ಆಳಸ ಮಾಡಿದೆ. ಶಿವರಾತ್ರಿಗೂ ಒಂದ ಮೀನ ಸೀಳಲಾರದ ದಾಟ್ಯಾವ ಅಂದೆ. ತಪ್ಪ ನಂದು, ಮುತ್ಯಾ. ನೀವು ನನ್ನ ಮಾತ ನಂಬಿ ಕೊಟ್ಟೀರಿ.”

ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ಚಳಿಗಾಲದ ಬೆಳಗುಗಳೆಲ್ಲ ಅವಳಿಗೆ ನೆನಪಾಗಿರಬೇಕು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಇದಕ್ಕ ಔಷಧ?” ಮುತ್ಯಾ ಕೇಳಿದರು.

“ಇಲ್ರಿ. ಮೀನ ತಗದು ಹುಗಿಯೂದು, ನೀರ ಖಾಲಿ ಮಾಡಿ ತೊಳಿಯೂದು. ಕೆರಿಗೆ ಹೋದ್ರ ಅದೂ ಆಗಾಂಗಿಲ್ಲ.”

ಅವರು ಎದ್ದು ಬೀರೋಬಾನ ಗುಡಿಯ ದಿಕ್ಕಿಗೆ ತಿರುಗಿ ನಿಂತರು. ಏನು ಹೇಳಿಕೊಂಡರೋ ನನಗೆ ಕೇಳಿಸಲಿಲ್ಲ. ಮತ್ತೆ ಬಂದು ಕೂತು, “ಬರಕೋ” ಎಂದರು. ಏಳು ಹೆಸರು ಹೇಳಿದರು, ಊರು ಸಹಿತ. ನಾನು ಊಹಿಸಿದ್ದಕ್ಕಿಂತ ಮೂರು ಹೆಚ್ಚು.

ಮೊದಲು ದುಧನಿಯ ಕಡೆಗೇ ಗಾಡಿ ಓಡಿಸಿದೆವು. ಎರಡು ದಿನದಲ್ಲಿ ನಾನು ಎರಡು ಸಲ ದಾಟಿ ಹೋಗಿದ್ದ ರಸ್ತೆಯಿಂದ ಒಂದು ಹೊಲದಾಚೆ ಇತ್ತು ಆ ಹೊಂಡ. ರೈತ ಓಡಿ ಬಂದು ಮುತ್ಯಾನ ಕಾಲು ಮುಟ್ಟಿದ. ಹೊಂಡದಲ್ಲಿ ನೀರಿತ್ತು, ಮೀನಿರಲಿಲ್ಲ.

“ಮನ್ನೆನ ಒಯ್ದರ್ರಿ ಸೊಸೈಟಿಯವರು. ಮರಿ ಸಣ್ಣಾವ ಅದಾವ, ಒಲ್ಲೆವು ಅಂತಿದ್ರು. ಮುತ್ಯಾನ ಕೈ ಮೀನ ಕೂಡಿಸಿ ಬೆಳಸೀನಿ ಅಂದೆ. ಅದ ಕೇಳಿದ ಮ್ಯಾಲ ಒಂದೂ ಬಿಡಲಾರದ ಒಯ್ದು ಕೆರಿಗೆ ಬಿಟ್ರು.”

ಮೊನ್ನೆ ಅಂದರೆ ನಾನು ಹುಡುಕಲು ಹೊರಟ ಎರಡು ದಿನಗಳಲ್ಲಿ ಮೊದಲನೆಯದು. ಬಣವೆಯ ನೆರಳಲ್ಲಿ ನಿಂತಾಗಲೇ ತಪ್ಪು ನನ್ನದು ಎಂದಿದ್ದರೆ ಅಂದೇ ಇಲ್ಲಿಗೆ ಬರುತ್ತಿದ್ದೆವು. ಅದನ್ನು ಯಾರೂ ನನಗೆ ಹೇಳಲಿಲ್ಲ. ಮುತ್ಯಾ ಆ ರೈತನ ಭುಜ ಹಿಡಿದು, ನಿನಗೆ ಕೊಟ್ಟದ್ದು ಔಷಧವಲ್ಲಪ್ಪ, ಬ್ಯಾನಿ ಎಂದರು. ಅವನಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದರು.

ಸೊಸೈಟಿಯವರಿಗೆ ಹೇಳಿದೆ, ಮೀನುಗಾರಿಕೆ ಕಚೇರಿಗೆ ಕಾಗದ ಬರೆದೆ. ಕೆರೆಯ ನೀರು ಎರಡು ಊರಿನ ದನಕರುಗಳಿಗೆ ಬೇಕು, ಅದನ್ನು ಯಾರೂ ಖಾಲಿ ಮಾಡಲಾರರು. ಆ ಕೆರೆಯಿಂದ ಎಲ್ಲಿಗೂ ಮರಿ ಒಯ್ಯಬೇಡಿ ಎಂದು ಹೇಳಿ ಬಂದೆವು. ಕೇಳಿದರೋ ಇಲ್ಲವೋ, ನನಗೆ ಇಂದಿಗೂ ಖಾತ್ರಿಯಿಲ್ಲ. ಮ್ಯಾನೇಜರ್ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಅದು ಅಂಥ ದೊಡ್ಡ ಶಿಕ್ಷೆಯೇನಲ್ಲ.

ಉಳಿದ ಆರು ಹೊಂಡಗಳಿಗೆ ಮುತ್ಯಾ ತಾವೇ ಬಂದರು. ಪ್ರತಿ ಏರಿಯ ಮೇಲೆ ನಿಂತು ಅದೇ ಮಾತು ಹೇಳಿದರು, ನಾನು ನನ್ನ ಮಾತು ಹೇಳಿದೆ. ಇಬ್ಬರು ನಮ್ಮನ್ನು ಬೈದರು. ಒಬ್ಬ ನಂಬಲೇ ಇಲ್ಲ, ಮುತ್ಯಾನ ಕೈ ಹುಸಿ ಹೋಗುವುದಿಲ್ಲ ಎಂದು ಅವರಿಗೇ ವಾದಿಸಿದ. ಬಲೆ ಎಳೆದು ಮೀನೆಲ್ಲ ತೆಗೆದು, ಆಳದ ಗುಂಡಿಗೆ ಸುರಿದು, ಸುಟ್ಟ ಸುಣ್ಣ ಹಾಕಿ ಮುಚ್ಚಿದೆವು. ಹೊಂಡದ ನೀರಿಗೆ ಬ್ಲೀಚಿಂಗ್ ಪುಡಿ ಕಲಸಿ ಕೆಲವು ದಿನ ಬಿಟ್ಟು, ವಾಸನೆ ಹೋದ ಮೇಲೆ ಹೊಲಕ್ಕೆ ಬಿಟ್ಟೆವು. ಪ್ಲಾಸ್ಟಿಕ್ಕಿನ ಮೇಲಿನ ರಾಡಿ ಕೆರೆದು, ಮತ್ತೆ ತೊಳೆದು, ಬಿಸಿಲಿಗೆ ಬಿಟ್ಟೆವು. ಮಳೆ ಅಡ್ಡ ಬಂದಾಗ ಮೊದಲಿನಿಂದ ಮಾಡಿದೆವು. ಅಂಗೈ ಚರ್ಮ ಸುಲಿದು ಹೋಯಿತು.

ಕೊನೆಯದು ಮುತ್ಯಾನ ಸ್ವಂತ ಹೊಂಡ. ಶ್ರಾವಣದಲ್ಲಿ ಒಂದು ದಿನ ನಾನೂ ಸೊಸೆಯೂ ತಳಕ್ಕಿಳಿದು ಪೊರಕೆಯಿಂದ ತಿಕ್ಕುತ್ತಿದ್ದೆವು. ಮೇಲೆ ಟೆಂಪೊ ಬಂದು ನಿಂತ ಸದ್ದಾಯಿತು. ಪಕ್ಕದೂರಿನ ಕುರಿಗಾರ, ಮುತ್ಯಾನಲ್ಲಿಗೆ ಮೊದಲಿನಿಂದ ಬರುವವ. ಈಯಲಾರದೆ ಒದ್ದಾಡುತ್ತಿದ್ದ ಕುರಿಯನ್ನು ಕಂಬಳಿಯ ಮೇಲೆ ಮಲಗಿಸಿ ತಂದಿದ್ದ. ಮೀನಿನ ಸುದ್ದಿ ಅವನಿಗೂ ಗೊತ್ತಿತ್ತು, ಆದರೂ ಬಂದಿದ್ದ.

ನಾವು ಹತ್ತಿ ಬರುವಷ್ಟರಲ್ಲಿ ಮುತ್ಯಾ ಕುರಿಯಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದರು.

“ದವಾಖಾನಿಗೆ ಒಯ್ಯಪ್ಪ.”

“ಅಕ್ಕಲಕೋಟ ಮುಟ್ಟೂತನಕಾ ತಡ್ಯಾಂಗಿಲ್ರಿ ಮುತ್ಯಾ. ನೀವು ಬರೇ ಕೈ ಹಚ್ಚರಿ.”

“ಒಯ್ಯಿ ಅಂದೆ.”

ಸೊಸೆ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದಳು. ಅವರು ತಲೆ ಅಲ್ಲಾಡಿಸಿದರು. ನಾನು ತಡೆಯಲಾರದೆ ಹೇಳಿದೆ.

“ಮುತ್ಯಾ, ಇದು ಬ್ಯಾರೆ. ಇದಕ್ಕೂ ಮೀನಿಗೂ ಸಂಬಂಧ ಇಲ್ರಿ. ಈ ಕೆಲಸ ನಿಮಗ ಬರತೈತಿ.”

ಅವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

“ಬ್ಯಾರೆ ಅಂತ ನಿನಗ ಗೊತ್ತೈತಿ, ತಂಗಿ. ನೀ ಕಲತಾಕಿ. ಯಾವುದು ಹಂಗ, ಯಾವುದು ಹಂಗಲ್ಲ, ನನಗ ಹ್ಯಾಂಗ ಗೊತ್ತಾಗಬೇಕು?”

ಟೆಂಪೊ ಅಕ್ಕಲಕೋಟೆಯ ಕಡೆ ತಿರುಗಿತು. ಕುರಿ ದಾರಿಯಲ್ಲೇ ಸತ್ತಿತು, ಮರಿಯೂ ಸತ್ತಿತು ಎಂದು ಮರುದಿನ ಸೊಸೆ ಫೋನಿನಲ್ಲಿ ಹೇಳಿದಳು. ಮರಿ ಅಡ್ಡ ಸಿಕ್ಕಿತ್ತಂತೆ. ಅಂಥ ಮರಿಯನ್ನು ಮುತ್ಯಾ ಒಳಗೆ ಕೈ ಹಾಕಿ ತಿರುಗಿಸಿ ಜೀವಂತ ತೆಗೆಯುವುದನ್ನು ಅವಳು ಮದುವೆಯಾಗಿ ಬಂದಾಗಿನಿಂದ ಆ ಅಂಗಳದಲ್ಲಿ ನೋಡುತ್ತಲೇ ಬಂದಿದ್ದಳು.